ಜೊತೆ ಕಳೆದುಕೊಂಡ ನಾಯಿಗೊಂದು ಜೊತೆ

ನಾಯಿಯ ಸಾವಿಗೆ ಮನುಷ್ಯ ಮರುಗಿದ್ದಕ್ಕೆ ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತಾಗಿರುವ ಶಾಸನ ಅದು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದ. ಅವನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗನ ಬಂಟ ಮಣಲೆರ. ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನ ಮೆಚ್ಚುಗೆ ಗಳಿಸಿದ ಮಣಲೆರ ಬಹುಮಾನವಾಗಿ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆರಗಿತು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಊರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ನಾಯಿ ಮತ್ತು ಹಂದಿಯ ಕಾದಾಟದ ಚಿತ್ರ ಇಂದಿಗೂ ಆ ಕಲ್ಲಿನ ಮೇಲಿದೆ.

ಒಡೆಯನಿಗಾಗಿ ನಾಯಿ ಪಟ್ಟ ದುಃಖಕ್ಕೂ ಲೋಕದಲ್ಲಿ ಸ್ಮಾರಕಗಳಿವೆ. ಜಪಾನಿನ ಹಚಿಕೊ ಇದರಲ್ಲಿ ಬಹು ಪ್ರಸಿದ್ಧ. ಟೋಕಿಯೊ ವಿಶ್ವವಿದ್ಯಾಲಯದ ಪ್ರೊಫೆಸರ್ ಹಿದೆಸಾಬುರೊ ಉಎನೊ 1925ರ ಮೇ ತಿಂಗಳಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ, ಅವರ ಅಕಿತಾ ತಳಿಯ ನಾಯಿ ಹಚಿಕೊ 1935ರ ಮಾರ್ಚ್‌ನಲ್ಲಿ ತಾನು ಸಾಯುವವರೆಗೆ ಶಿಬುಯ ರೈಲು ನಿಲ್ದಾಣಕ್ಕೆ ಬಂದು ಅವರಿಗಾಗಿ ಕಾಯುತ್ತಿತ್ತು. ನಾಯಿ ಬದುಕಿದ್ದಾಗಲೇ, 1934ರಲ್ಲಿ, ಅಲ್ಲಿ ಅದರ ಕಂಚಿನ ಪ್ರತಿಮೆ ನಿಂತಿತು. ಈ ಕಥೆ ಹೇಳುವವರು ಒಂದು ವಿವರವನ್ನು ಬಿಟ್ಟುಬಿಡುವುದುಂಟು. ಪ್ರೊಫೆಸರ್ ಸತ್ತ ಮೇಲೆ ಹಚಿಕೊ ಅನಾಥವಾಗೇನೂ ಇರಲಿಲ್ಲ. ಒಂದಾದ ಮೇಲೊಂದು ಮನೆಯವರು ಅದನ್ನು ಇಟ್ಟುಕೊಂಡರು, ಅನ್ನ ಹಾಕಿದರು. ಆದರೂ ಅದು ನಿಲ್ದಾಣದ ದಾರಿ ಹಿಡಿಯುವುದು ತಪ್ಪಲಿಲ್ಲ. ಹೊಸ ಜೊತೆ ಸಿಕ್ಕ ಮಾತ್ರಕ್ಕೆ ಹಳೆಯ ಜೊತೆ ಮರೆತುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹೀಗೆ ನಾಯಿಗಾಗಿ ಮನುಷ್ಯ ಪಡುವ ದುಃಖಕ್ಕೂ, ಮನುಷ್ಯನಿಗಾಗಿ ನಾಯಿ ಪಡುವ ದುಃಖಕ್ಕೂ ಕಲ್ಲು, ಕಂಚು ಎರಡೂ ದೊರೆತಿವೆ. ಆದರೆ ಒಂದು ನಾಯಿ ಸತ್ತಾಗ ಅದರ ಜೊತೆಗಾರ ನಾಯಿ ಪಡುವ ಸಂಕಟವನ್ನು ಬಹುಕಾಲ ಯಾರೂ ಕೇಳಿದಂತಿಲ್ಲ. ಎರಡು ನಾಯಿ ಸಾಕಿದ ಮನೆಯವರಿಗೆ ಮಾತ್ರ ಇದು ಗೊತ್ತು. ಒಂದು ಹೋದ ಮೇಲೆ ಉಳಿದದ್ದು ಬಾಗಿಲ ಬಳಿ ಮಲಗಿ ಗೇಟಿನತ್ತ ನೋಡುತ್ತದೆ. ಸತ್ತ ನಾಯಿಯ ಗೋಣಿಚೀಲವನ್ನು ಮೂಸುತ್ತದೆ. ಅನ್ನದ ತಟ್ಟೆಯ ಮುಂದೆ ನಿಂತು ಹಿಂತಿರುಗುತ್ತದೆ. ಇದನ್ನು ಕಂಡ ಮನೆಯವರಿಗೆ ಮೊದಲು ಹೊಳೆಯುವ ಉಪಾಯ ಒಂದೇ: ಇನ್ನೊಂದು ನಾಯಿ ತರುವುದು. ಆ ಉಪಾಯ ಸರಿಯೇ? ಸರಿಯಾದರೆ ಯಾವಾಗ, ಎಂಥ ನಾಯಿ, ಹೇಗೆ?

ಅದು ದುಃಖವೇ?

ಪ್ರಾಣಿಗಳಿಗೆ ಮನುಷ್ಯರ ಭಾವನೆಗಳನ್ನು ಆರೋಪಿಸಬಾರದೆಂಬ ಎಚ್ಚರ ವಿಜ್ಞಾನಿಗಳಲ್ಲಿ ಹಿಂದಿನಿಂದಲೂ ಇದೆ. ಸಾವು ಎಂದರೇನೆಂದು ನಾಯಿಗೆ ಅರ್ಥವಾಗುತ್ತದೆಯೇ ಎಂಬುದಕ್ಕೆ ಇಂದಿಗೂ ಖಚಿತ ಉತ್ತರವಿಲ್ಲ. ಆದರೆ ಜೊತೆಗಾರನ ಅಗಲಿಕೆಯ ನಂತರ ನಾಯಿಯ ನಡವಳಿಕೆ ಬದಲಾಗುತ್ತದೆ ಎಂಬುದರಲ್ಲಿ ಈಗ ಹೆಚ್ಚು ಅನುಮಾನ ಉಳಿದಿಲ್ಲ.

ಇಟಲಿಯ ಸಂಶೋಧಕರು ಈ ಬಗ್ಗೆ ನಡೆಸಿದ ಸಮೀಕ್ಷೆಯೊಂದು 2022ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ನಾಯಿ ಸಾಕಿ, ಅವುಗಳಲ್ಲೊಂದನ್ನು ಕಳೆದುಕೊಂಡಿದ್ದ 426 ಮಂದಿಯನ್ನು ಅವರು ಪ್ರಶ್ನಿಸಿದ್ದರು. ಉಳಿದ ನಾಯಿಯಲ್ಲಿ ಬದಲಾವಣೆ ಕಂಡಿತೆಂದವರು ಶೇಕಡ 86ರಷ್ಟು. ಮನೆಯವರ ಗಮನಕ್ಕಾಗಿ ಹಿಂದಿಗಿಂತ ಹೆಚ್ಚು ಹಾತೊರೆಯಿತು ಎಂದವರು ಶೇ 67. ಆಟ ಕಡಿಮೆಯಾಯಿತು ಎಂದವರು ಶೇ 57. ಚಟುವಟಿಕೆ ತಗ್ಗಿತು ಎಂದವರು ಶೇ 46. ಹೆಚ್ಚು ನಿದ್ದೆ, ಹೆಚ್ಚು ಭಯ, ಊಟದಲ್ಲಿ ನಿರಾಸಕ್ತಿ ಕಂಡವರು ತಲಾ ಮೂರನೆಯ ಒಂದು ಪಾಲಿನಷ್ಟು. ಈ ಲಕ್ಷಣಗಳು ಎರಡರಿಂದ ಆರು ತಿಂಗಳವರೆಗೆ ಇದ್ದವೆಂದು ಸುಮಾರು ಮೂರನೆಯ ಒಂದು ಪಾಲು ಜನ ಹೇಳಿದರೆ, ಆರು ತಿಂಗಳೂ ಮೀರಿದವು ಎಂದವರು ಸುಮಾರು ಕಾಲು ಭಾಗ.

ಈ ಸಮೀಕ್ಷೆಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಎರಡು ನಾಯಿಗಳು ಎಷ್ಟು ವರ್ಷ ಜೊತೆಗಿದ್ದವು ಎಂಬುದಕ್ಕಿಂತ ಅವುಗಳ ನಡುವಣ ಸಂಬಂಧ ಹೇಗಿತ್ತು ಎಂಬುದೇ ಮುಖ್ಯವಾಗಿತ್ತು. ಸ್ನೇಹದಿಂದಿದ್ದವು ಅಥವಾ ತಾಯಿ ಮರಿಯಾಗಿದ್ದವು ಹೆಚ್ಚು ಸೊರಗಿದವು. ಎರಡನೆಯದು, ಮನೆಯವರ ದುಃಖಕ್ಕೂ ನಾಯಿಯ ಸ್ಥಿತಿಗೂ ನಂಟು ಕಾಣಿಸಿತು. ಯಜಮಾನನ ದುಃಖ ಗಾಢವಾಗಿದ್ದ ಕಡೆ ನಾಯಿಯ ಭಯವೂ ಊಟದ ಅರುಚಿಯೂ ಹೆಚ್ಚಾಗಿದ್ದವು. ಇವೆಲ್ಲ ಮನೆಯವರು ಹೇಳಿದ ಮಾತುಗಳು. ತಾವು ದುಃಖದಲ್ಲಿರುವವರಿಗೆ ನಾಯಿಯೂ ದುಃಖದಲ್ಲಿರುವಂತೆ ತೋರಬಹುದು ಎಂಬ ಆಕ್ಷೇಪಕ್ಕೆ ಎಡೆಯಿದೆ. ಆದರೂ ಮನೆಯ ವಾತಾವರಣವೇ ಬದಲಾದದ್ದು ನಾಯಿಯನ್ನು ಕಾಡುತ್ತದೆ ಎಂಬುದನ್ನು ನಾಯಿ ಸಾಕಿದ ಯಾರೂ ಅಲ್ಲಗಳೆಯಲಾರರು. ದಿನಚರಿ ತಪ್ಪುತ್ತದೆ, ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ, ಸಂಜೆಯ ತಿರುಗಾಟ ನಿಲ್ಲುತ್ತದೆ. ಜೊತೆಗಾರನನ್ನು ಕಳೆದುಕೊಂಡ ನಾಯಿ ಅದೇ ವಾರ ತನ್ನ ದಿನಚರಿಯನ್ನೂ ಕಳೆದುಕೊಳ್ಳುತ್ತದೆ.

ಮೊದಲು ಪಶುವೈದ್ಯರ ಬಳಿಗೆ

ಹೊಸ ನಾಯಿಯ ಯೋಚನೆಗೆ ಮುನ್ನ ಉಳಿದ ನಾಯಿಯನ್ನು ಪಶುವೈದ್ಯರಿಗೆ ತೋರಿಸುವುದು ಕ್ಷೇಮ. ಊಟ ಬಿಟ್ಟು ಮಂಕಾಗಿ ಮಲಗಿದ ನಾಯಿಯನ್ನು ‘ಪಾಪ, ಕೊರಗುತ್ತಿದೆ’ ಎಂದು ಬಿಟ್ಟರೆ, ನಿಜವಾದ ಕಾಯಿಲೆ ಕಣ್ತಪ್ಪಿ ಹೋಗಬಹುದು. ಉಣ್ಣೆಗಳಿಂದ ಹರಡುವ ಜ್ವರ ನಮ್ಮ ಕಡೆ ಸಾಮಾನ್ಯ. ಮೊದಲ ನಾಯಿ ಆ ಜ್ವರದಿಂದಲೇ ಸತ್ತಿದ್ದರೆ ಅದೇ ಉಣ್ಣೆಗಳು ಮನೆಯ ಗೋಡೆಯ ಸಂದಿಯಲ್ಲಿ ಇನ್ನೂ ಇರಬಹುದು. ಎರಡನೆಯ ನಾಯಿಯ ಮಂಕಿಗೂ ಅದೇ ಕಾರಣವಾಗಿರಬಹುದು.

ಸತ್ತ ನಾಯಿಗೆ ಪಾರ್ವೊ ರೋಗ ತಗುಲಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಆ ವೈರಾಣು ಮಣ್ಣಿನಲ್ಲಿ, ನೆಲದ ಬಿರುಕಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಸಾಮಾನ್ಯ ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣ ಬೇಕಾಗುತ್ತದೆ. ಅಂಥ ಮನೆಗೆ ಲಸಿಕೆ ಪೂರ್ಣವಾಗದ ಮರಿಯನ್ನು ತಂದರೆ ಕೆಲವೇ ದಿನಗಳಲ್ಲಿ ಮತ್ತೊಂದು ಸಾವು ಕಾಣಬೇಕಾದೀತು. ಲಸಿಕೆ ಮುಗಿದ ಬೆಳೆದ ನಾಯಿಯಾದರೆ ಈ ಭಯ ಬಹಳಷ್ಟು ಕಡಿಮೆ.

ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಮಾಡಬೇಕಾದದ್ದು ಸರಳ. ಊಟ, ತಿರುಗಾಟ, ಮಲಗುವ ಹೊತ್ತು ಮೊದಲಿನಂತೆಯೇ ನಡೆಯಬೇಕು. ಸತ್ತ ನಾಯಿಯ ಹಾಸಿಗೆಯನ್ನು ಅಂದೇ ತೆಗೆದು ಎಸೆಯಬೇಕಾಗಿಲ್ಲ. ಸಾಂಕ್ರಾಮಿಕ ರೋಗವಿಲ್ಲದಿದ್ದರೆ ಕೆಲವು ದಿನ ಅಲ್ಲೇ ಇರಲಿ, ಮೂಸಿ ನೋಡಲಿ. ತಿರುಗಾಡಲು ಹೊಸದೊಂದು ದಾರಿ, ಪರಿಚಿತ ನಾಯಿಯೊಡನೆ ಒಂದಿಷ್ಟು ಆಟ ಇವೂ ನೆರವಾಗುತ್ತವೆ. ಎಷ್ಟೋ ನಾಯಿಗಳು ಇಷ್ಟರಲ್ಲೇ ಚೇತರಿಸಿಕೊಳ್ಳುತ್ತವೆ.

ಅವಸರ ಯಾರದು?

ನಿಜಕ್ಕೂ ಇನ್ನೊಂದು ನಾಯಿ ಬೇಕಿರುವುದು ನಾಯಿಗೋ ಮನೆಯವರಿಗೋ? ಇದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ. ಮನೆ ಬಿಕೋ ಎನ್ನುವುದನ್ನು ಸಹಿಸಲಾರದೆ ಮಕ್ಕಳು ಹಟ ಮಾಡುತ್ತಾರೆ. ಹಿರಿಯರು ‘ನಾಯಿಗೂ ಜೊತೆಯಾಗುತ್ತೆ’ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಸತ್ತದ್ದರಂತೆಯೇ ಕಾಣುವ, ಅದೇ ಬಣ್ಣದ ನಾಯಿಯನ್ನು ಹುಡುಕುವವರೂ ಉಂಟು. ಅದಕ್ಕೆ ಹಳೆಯ ಹೆಸರನ್ನೇ ಇಡುವವರೂ ಉಂಟು. ಮನೆಯಲ್ಲಿ ಉಳಿದ ನಾಯಿಗೆ ಮಾತ್ರ ಬಣ್ಣದಿಂದ ಏನೂ ಆಗಬೇಕಾದ್ದಿಲ್ಲ. ಅದರ ಲೋಕ ವಾಸನೆಯದು. ಬಂದದ್ದು ಬೇರೆ ನಾಯಿ ಎಂಬುದು ಮೊದಲ ಕ್ಷಣದಲ್ಲೇ ಅದಕ್ಕೆ ಗೊತ್ತಾಗಿರುತ್ತದೆ.

ಎಲ್ಲ ನಾಯಿಗೂ ಜೊತೆ ಬೇಕೆಂದೇನೂ ಇಲ್ಲ. ಸತ್ತ ನಾಯಿ ದರ್ಪದ್ದಾಗಿದ್ದರೆ, ಉಳಿದದ್ದು ಒಂಟಿಯಾದ ಮೇಲೆ ಹೆಚ್ಚು ಗೆಲುವಾಗುವುದೂ ಇದೆ. ಜೀವಮಾನವಿಡೀ ಬೇರೆ ನಾಯಿಗಳನ್ನು ಕಂಡರಾಗದೆ, ಆ ಒಂದು ಜೊತೆಗಾರನೊಡನೆ ಮಾತ್ರ ಹೊಂದಿಕೊಂಡಿದ್ದ ನಾಯಿಗೆ ಹೊಸಬನನ್ನು ತಂದು ಕಟ್ಟುವುದು ಶಿಕ್ಷೆಯೇ ಸರಿ. ಕೀಲುನೋವಿನ ಮುದಿ ನಾಯಿಯ ಮೇಲೆ ಮೂರು ತಿಂಗಳ ಮರಿಯನ್ನು ಬಿಟ್ಟರೆ ಅದಕ್ಕೆ ಸಾಂತ್ವನ ಸಿಗದು, ಉಪದ್ರವವೇ ಹೆಚ್ಚು. ತಿರುಗಾಟದಲ್ಲಿ ಎದುರಾದ ನಾಯಿಗಳನ್ನು ಕಂಡು ಬಾಲ ಅಲ್ಲಾಡಿಸುತ್ತ ಹತ್ತಿರ ಹೋಗುವ, ಅವು ಹೊರಟಾಗ ಹಿಂದೆ ಹಿಂದೆ ಎಳೆಯುವ ನಾಯಿಗೆ ಜೊತೆ ಹಿತವೆನಿಸೀತು. ಇದನ್ನು ತಿಳಿಯಲು ಕೆಲವು ವಾರಗಳಾದರೂ ಬೇಕು.

ರಕ್ಷಿಸಿದ ನಾಯಿ ಎಲ್ಲಿಂದ ಬರುತ್ತದೆ?

ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ಕೊಟ್ಟು, ಬೇಕೆಂದವರಿಗೆ ದತ್ತು ಕೊಡುವ ಪದ್ಧತಿ ಇಂದು ಸಹಜವೆನಿಸಿದೆ. ಆದರೆ 1860ರಲ್ಲಿ ಲಂಡನ್ನಿನ ಹಾಲೊವೇಯಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಇಂಥ ಮನೆಯೊಂದನ್ನು ತೆರೆದಾಗ ಪತ್ರಿಕೆಗಳು ಲೇವಡಿ ಮಾಡಿದ್ದವು. ಬಡಮಕ್ಕಳಿಗೇ ನೆಲೆಯಿಲ್ಲದಿರುವಾಗ ನಾಯಿಗೆ ಆಶ್ರಮವೇ ಎಂಬುದು ಅಂದಿನವರ ಕುಹಕ. ಆ ಮನೆ 1871ರಲ್ಲಿ ಬ್ಯಾಟರ್ಸೀಗೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ.

ಭಾರತದಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರಡಿ 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ 1991ರಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಕಟ್ಟಿದರು. ಇಂದು ರಾಜ್ಯದ ಹಲವು ಊರುಗಳಲ್ಲಿ ಇಂಥ ಸಂಸ್ಥೆಗಳೂ, ಮನೆಯಲ್ಲೇ ನಾಲ್ಕಾರು ನಾಯಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಸಲಹುವವರೂ ಇದ್ದಾರೆ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರ, ಲಾಭಕ್ಕಾಗಿ ನಾಯಿಗಳನ್ನು ಮರಿ ಹಾಕಿಸುವವರ ಕ್ರೌರ್ಯವನ್ನು ಕನ್ನಡದ ಪ್ರೇಕ್ಷಕರ ಮುಂದಿಟ್ಟಿತು. ಕಾಸು ಕೊಟ್ಟು ಕೊಳ್ಳುವ ಬದಲು ದತ್ತು ಪಡೆಯಿರಿ ಎಂಬ ಮಾತಿಗೆ ಅದರಿಂದ ಬಲ ಬಂತು.

ಆಶ್ರಯಧಾಮಗಳಲ್ಲಿ ಬೀದಿಯಲ್ಲಿ ಹುಟ್ಟಿದ ನಾಡ ನಾಯಿಗಳೇ ಹೆಚ್ಚು. ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಗಣತಿಯಂತೆ ನಗರದ ಬೀದಿನಾಯಿಗಳು 2.79 ಲಕ್ಷ, 2019ರಲ್ಲಿ 3.10 ಲಕ್ಷ ಇದ್ದವು. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ನೀಡಲು 2001ರಲ್ಲಿ ಬಂದ ನಿಯಮಗಳ ಜಾಗದಲ್ಲಿ 2023ರಲ್ಲಿ ಹೊಸ ನಿಯಮಗಳು ಬಂದಿವೆ. ಕಿವಿಯ ಅಂಚು ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಚಿಕಿತ್ಸೆ ಆಗಿದೆ ಎಂದರ್ಥ. ಇವುಗಳ ಜೊತೆಗೆ ಮನೆಯವರೇ ತಂದು ಬಿಟ್ಟುಹೋದ ಲ್ಯಾಬ್ರಡಾರ್, ಪೊಮೆರೇನಿಯನ್‌ಗಳೂ ಆಶ್ರಯಧಾಮಗಳಲ್ಲಿ ಸಿಗುತ್ತವೆ. ಮನೆ ಬದಲಾಯಿಸಿದ್ದು, ವಿದೇಶಕ್ಕೆ ಹೊರಟದ್ದು, ಯಜಮಾನ ತೀರಿಕೊಂಡದ್ದು, ಹೀಗೆ ಕಾರಣಗಳು ಹಲವು.

ಇಲ್ಲೇ ಮರೆಯಬಾರದ ಸಂಗತಿ ಒಂದಿದೆ. ಜೊತೆ ಕಳೆದುಕೊಂಡ ನಾಯಿ ಮನೆಯಲ್ಲಿರುವುದು ಮಾತ್ರವಲ್ಲ. ಬರುವ ನಾಯಿಯೂ ಏನನ್ನೋ ಕಳೆದುಕೊಂಡೇ ಬರುತ್ತದೆ. ತಾಯಿ, ಬೀದಿಯ ಗುಂಪು, ಹಳೆಯ ಯಜಮಾನ, ಕೊನೆಗೆ ಆಶ್ರಯಧಾಮದ ಪಕ್ಕದ ಗೂಡಿನ ಗೆಳೆಯ. ಸಂತೈಸುವ ಕೆಲಸಕ್ಕೆಂದು ತಂದ ನಾಯಿಗೇ ಸಾಂತ್ವನ ಬೇಕಿರುತ್ತದೆ.

ಯಾವ ನಾಯಿಗೆ ಯಾವ ಜೊತೆ?

ಬಣ್ಣ, ತಳಿಗಿಂತ ವಯಸ್ಸು ಮತ್ತು ಸ್ವಭಾವವೇ ಮುಖ್ಯ ಎಂಬುದು ಈ ಕೆಲಸದಲ್ಲಿ ಪಳಗಿದವರ ಅನುಭವ. ಮನೆಯ ನಾಯಿಗೆ ಎಂಟೊಂಬತ್ತು ವರ್ಷವಾಗಿದ್ದರೆ, ಮೂರು ನಾಲ್ಕು ವರ್ಷ ದಾಟಿದ ಶಾಂತ ನಾಯಿ ಒಳ್ಳೆಯದು. ಆಶ್ರಯಧಾಮಗಳಲ್ಲಿ ಮರಿಗಳಿಗೆ ಬೇಡಿಕೆ ಹೆಚ್ಚು, ಬೆಳೆದ ನಾಯಿಗಳನ್ನು ಕೇಳುವವರು ಕಡಿಮೆ. ಆದ್ದರಿಂದ ಇದು ಎರಡು ಕಡೆಗೂ ಅನುಕೂಲದ ಆಯ್ಕೆ. ಒಂದು ಗಂಡು ಒಂದು ಹೆಣ್ಣಾದರೆ ಹೊಂದಾಣಿಕೆ ಸುಲಭ. ಎರಡಕ್ಕೂ ಸಂತಾನಹರಣ ಚಿಕಿತ್ಸೆ ಆಗಿರಬೇಕಾದ್ದು ಅಗತ್ಯ.

ಆಶ್ರಯಧಾಮದವರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಈ ನಾಯಿ ಬೇರೆ ನಾಯಿಗಳೊಡನೆ ಹೇಗಿರುತ್ತದೆ? ಊಟದ ಹೊತ್ತಿನಲ್ಲಿ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ? ಮಕ್ಕಳನ್ನು ಕಂಡರೆ, ಪಟಾಕಿಯ ಸದ್ದಿಗೆ ಏನು ಮಾಡುತ್ತದೆ? ಯಾವ ಯಾವ ಲಸಿಕೆ ಆಗಿದೆ? ಹಿಂದೆ ಯಾರಾದರೂ ಕೊಂಡೊಯ್ದು ಹಿಂತಿರುಗಿಸಿದ್ದಾರೆಯೇ? ಒಳ್ಳೆಯ ಸಂಸ್ಥೆಯವರು ಇದಕ್ಕೆ ಬೇಸರಿಸುವುದಿಲ್ಲ. ಅವರೂ ಮನೆಯವರನ್ನು ಇಷ್ಟೇ ಪ್ರಶ್ನೆ ಕೇಳುತ್ತಾರೆ. ಕೆಲವರು ಎರಡು ಮೂರು ವಾರ ಮನೆಯಲ್ಲಿಟ್ಟು ನೋಡಿ ಆಮೇಲೆ ದತ್ತು ಪತ್ರಕ್ಕೆ ಸಹಿ ಹಾಕಲು ಅವಕಾಶ ಕೊಡುವುದೂ ಇದೆ.

ಮೊದಲ ಭೇಟಿ

ಹೊಸ ನಾಯಿಯನ್ನು ಆಟೊದಿಂದಿಳಿಸಿ ನೇರವಾಗಿ ಹಜಾರಕ್ಕೆ ಬಿಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಮನೆಯ ನಾಯಿಗೆ ಅದು ತನ್ನ ನೆಲ. ಜೊತೆಗಾರ ಸತ್ತು ಮೊದಲೇ ತಳಮಳದಲ್ಲಿರುವಾಗ ಅಪರಿಚಿತ ನಾಯಿ ಒಳನುಗ್ಗಿದರೆ ಅದು ಹಲ್ಲು ತೋರಿಸುವುದರಲ್ಲಿ ಆಶ್ಚರ್ಯವಿಲ್ಲ.

ಎರಡಕ್ಕೂ ಸೇರದ ಜಾಗ, ಅಂದರೆ ಜನಸಂಚಾರ ಕಡಿಮೆಯಿರುವ ಬಯಲು ಅಥವಾ ರಸ್ತೆ, ಮೊದಲ ಭೇಟಿಗೆ ಸೂಕ್ತ. ಇಬ್ಬರು ಬೇಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ಮುಖಾಮುಖಿ ತರದೆ, ಹತ್ತು ಹದಿನೈದು ಅಡಿ ಅಂತರದಲ್ಲಿ ಒಂದೇ ದಿಕ್ಕಿನಲ್ಲಿ ನಡೆಸಬೇಕು. ಹಗ್ಗ ಬಿಗಿಯಾಗಿರಬಾರದು, ಹಗ್ಗ ಬಿಗಿದಷ್ಟೂ ನಾಯಿಯ ಆತಂಕ ಹೆಚ್ಚುತ್ತದೆ. ಎರಡೂ ನೆಲ ಮೂಸುತ್ತ ಆರಾಮವಾಗಿ ನಡೆದರೆ ಅಂತರವನ್ನು ನಿಧಾನವಾಗಿ ತಗ್ಗಿಸಬಹುದು. ಮುಂಗಾಲು ಚಾಚಿ ಎದೆ ತಗ್ಗಿಸಿ ಹಿಂಭಾಗ ಎತ್ತಿದರೆ ಅದು ಆಟಕ್ಕೆ ಕರೆ. ಮೈ ಸೆಟೆದು, ಬಾಲ ನಿಗುರಿ, ಕಣ್ಣು ಕೀಲಿಸಿ ನಿಂತರೆ ದೂರ ಸರಿಸಬೇಕು. ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು ‘ಇವತ್ತಿಗೆ ಸಾಕು’ ಎಂಬುದರ ಸೂಚನೆ. ಒಂದೇ ದಿನಕ್ಕೆ ಮುಗಿಯಬೇಕೆಂಬ ಹಟ ಬೇಡ.

ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಬೇರೆ ಕೋಣೆ ಬೇಕು. ಲಸಿಕೆಯ ವಿವರ ಗೊತ್ತಿಲ್ಲದ ನಾಯಿಯಾದರೆ ಎರಡು ವಾರ ಪ್ರತ್ಯೇಕವಾಗಿಡುವುದು ಆರೋಗ್ಯದ ದೃಷ್ಟಿಯಿಂದಲೂ ಒಳಿತು. ಊಟದ ತಟ್ಟೆಗಳು ಬೇರೆ ಬೇರೆ ಕಡೆ ಇರಲಿ. ಜಗಳಕ್ಕೆ ಕಾರಣವಾಗುವ ಮೂಳೆ, ಚೆಂಡುಗಳನ್ನು ಎತ್ತಿಡಬೇಕು. ಹಳೆಯ ನಾಯಿಗೆ ಸಿಗುತ್ತಿದ್ದ ಸಮಯ, ಅದು ಮಲಗುತ್ತಿದ್ದ ಜಾಗ ಹೊಸಬನ ಪಾಲಾಗಬಾರದು. ನೋಡುವವರಿಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಬಾರದು. ಹೊಸಬ ಗುರುಗುಟ್ಟಿದಾಗ ಹೊಡೆದು ಬಾಯಿ ಮುಚ್ಚಿಸುವುದೂ ತಪ್ಪು. ಗುರುಗುಟ್ಟುವುದು ಎಚ್ಚರಿಕೆ, ಎಚ್ಚರಿಕೆ ಕೊಡಬಾರದೆಂದು ಕಲಿತ ನಾಯಿ ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ.

ರಕ್ಷಣಾ ಕೆಲಸದವರು ಮೂರರ ಲೆಕ್ಕ ಹೇಳುತ್ತಾರೆ. ಭಯ ಇಳಿಯಲು ಮೂರು ದಿನ, ಮನೆಯ ರೀತಿ ಅರಿಯಲು ಮೂರು ವಾರ, ಇದು ತನ್ನ ಮನೆ ಎನಿಸಲು ಮೂರು ತಿಂಗಳು. ಇದು ಅನುಭವದ ಲೆಕ್ಕವೇ ಹೊರತು ವಿಜ್ಞಾನದ ಸೂತ್ರವಲ್ಲ. ಆದರೂ ಮೂರನೆಯ ದಿನಕ್ಕೇ ‘ಇದು ಹೊಂದಿಕೊಳ್ಳುತ್ತಿಲ್ಲ’ ಎಂದು ತೀರ್ಮಾನಿಸುವವರಿಗೆ ಇದು ಉಪಯುಕ್ತ.

ಹಿಂತಿರುಗಿಸುವ ಮಾತು

ಅವಸರದ ದತ್ತುವಿನ ದಂಡ ತೆರುವುದು ಬಹುಪಾಲು ಹೊಸ ನಾಯಿಯೇ. ಮನೆಯ ನಾಯಿ ಒಪ್ಪಲಿಲ್ಲವೆಂದು ಅದನ್ನು ಆಶ್ರಯಧಾಮಕ್ಕೆ ಹಿಂತಿರುಗಿಸಿದರೆ ಅದು ಎರಡನೆಯ ಬಾರಿ ಮನೆ ಕಳೆದುಕೊಂಡಂತೆ. ‘ಹಿಂದೆ ಬಂದ ನಾಯಿ’ ಎಂಬ ಹೆಸರು ಬಿದ್ದ ಮೇಲೆ ಮುಂದಿನ ಮನೆ ಸಿಗುವುದೂ ಕಷ್ಟ. ಬೀದಿಗೆ ಬಿಟ್ಟುಬಿಡುವವರ ಮಾತಂತೂ ಬೇರೆಯೇ. ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶ, ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಮರಳದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಸ್ಪಷ್ಟವಾಗಿ ಹೇಳಿದೆ.

ಹಾಗೆಂದು ಎರಡು ನಾಯಿಗಳು ದಿನವೂ ರಕ್ತ ಬರುವಂತೆ ಕಚ್ಚಾಡುತ್ತಿದ್ದರೂ ಒಟ್ಟಿಗಿಡಬೇಕೆಂದಲ್ಲ. ಅಂಥ ಸಂದರ್ಭದಲ್ಲಿ ಸಂಸ್ಥೆಯವರಿಗೆ ತಿಳಿಸಿ, ಇನ್ನೊಂದು ಮನೆ ಸಿಗುವವರೆಗೆ ತಾವೇ ಇಟ್ಟುಕೊಂಡರೆ ಆ ನಾಯಿಗೆ ಗೂಡಿನ ವಾಸವಾದರೂ ತಪ್ಪುತ್ತದೆ.

ಹೊಂದಿಕೆಯಾದ ಮನೆಗಳಲ್ಲೂ ಎರಡು ನಾಯಿಗಳು ಮೊದಲಿನ ಜೋಡಿಯಂತೆ ಒಂದೇ ಗೋಣಿಚೀಲದ ಮೇಲೆ ಮಲಗಬೇಕೆಂದು ನಿರೀಕ್ಷಿಸಬೇಕಿಲ್ಲ. ಒಂದೇ ಕೋಣೆಯಲ್ಲಿ ಎರಡು ಮೂಲೆ ಹಿಡಿದು ನೆಮ್ಮದಿಯಿಂದ ನಿದ್ದೆ ಮಾಡಿದರೂ ಅದು ಜೊತೆಯೇ. ಹಳೆಯ ನಾಯಿ ಗೇಟಿನತ್ತ ನೋಡುವುದನ್ನು ಪೂರ್ತಿ ಬಿಡದೆಯೂ ಇರಬಹುದು. ಹೊಸಬ ಬಂದದ್ದು ಆ ನೋಟವನ್ನು ಅಳಿಸಲಿಕ್ಕೆ ಅಲ್ಲ.

ಇನ್ನೊಂದು ಮಾತನ್ನು ದತ್ತು ಪತ್ರಕ್ಕೆ ಸಹಿ ಹಾಕುವ ಮುನ್ನವೇ ಯೋಚಿಸಬೇಕು. ಮನೆಯ ನಾಯಿಗೆ ಈಗಾಗಲೇ ವಯಸ್ಸಾಗಿದ್ದರೆ, ನಾಲ್ಕೈದು ವರ್ಷದಲ್ಲಿ ಅದೂ ಹೊರಟುಹೋಗುತ್ತದೆ. ಆಗ ಬಾಗಿಲ ಬಳಿ ಒಂಟಿಯಾಗಿ ಮಲಗುವ ಸರದಿ ಇಂದು ಜೊತೆಗೆಂದು ತಂದ ನಾಯಿಯದು. ಆ ದಿನಕ್ಕೂ ತಯಾರಿರುವ ಮನೆಯವರು ಮಾತ್ರ ಅದನ್ನು ಕರೆತರುವುದು ಲೇಸು.